ಅರ್ಧ ಮುತ್ತಿನ ತಕರಾರು

ನಮ್ಮ ಮನೆಯಲ್ಲಿ ಲೆಕ್ಕ ಕೊಟ್ಟರೆ ಉತ್ತರ ಬರುವುದಿಲ್ಲ, ತಕರಾರು ಬರುತ್ತದೆ. ಯಾರಿಗೂ ಲೆಕ್ಕ ಗೊತ್ತಿಲ್ಲ ಅಂತೇನಲ್ಲ. ನನ್ನ ಗಂಡ ಬ್ಯಾಂಕಿನವರು. ಅತ್ತೆ ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನೆಲ್ಲಾ ಬಾಯಿಪಾಠ ಮಾಡಿದ ಕಾಲದವರು. ಮಗಳು ಎಂಟನೇ ಕ್ಲಾಸು, ಎದುರಿಗೆ ಏನು ಸಿಕ್ಕಿದರೂ ಅದನ್ನು ಎಕ್ಸ್ ಅಂತ ಇಟ್ಟುಕೊಳ್ಳುವ ವಯಸ್ಸು. ಆದರೆ ಮೂವರಿಗೂ ಲೆಕ್ಕಕ್ಕಿಂತ ಅದರೊಳಗಿನ ಕತೆಯ ಮೇಲೇ ಕಣ್ಣು.

ಆ 17 ಹಸುಗಳ ಲೆಕ್ಕ ನಿಮಗೆ ಗೊತ್ತಿರುತ್ತದೆ. ಕೆಲವರು ಒಂಟೆ ಅಂತಾರೆ, ಕೆಲವರು ಕುದುರೆ. ನಮ್ಮನೆಯಲ್ಲಿ ಹಸು. ಅಪ್ಪ ಸಾಯುವಾಗ ಹಿರಿಮಗನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಕಿರಿಯವನಿಗೆ ಒಂಬತ್ತನೇ ಒಂದು ಪಾಲು ಅಂತ ಬರೆದಿಟ್ಟು ಹೋದ. 17ರಲ್ಲಿ ಅರ್ಧ ಹೇಗೆ ಮಾಡೋದು? ಪಕ್ಕದ ಮನೆಯವನು ತನ್ನ ಹಸುವನ್ನೂ ತಂದು ಸೇರಿಸಿದ. 18 ಆಯ್ತು. ಒಬ್ಬನಿಗೆ 9, ಒಬ್ಬನಿಗೆ 6, ಒಬ್ಬನಿಗೆ 2. ಕೂಡಿದರೆ 17. ಮಿಕ್ಕ ತನ್ನ ಹಸುವನ್ನು ಅವನು ಮನೆಗೆ ಹೊಡೆದುಕೊಂಡು ಹೋದ.

ಕೇಳಿದವರು ಇಲ್ಲಿ "ಅರೆ!" ಅನ್ನಬೇಕು. ನಮ್ಮತ್ತೆ ಕೇಳಿದ್ದು ಬೇರೆ. "ಆ ಹಸು ಇವರ ಕೊಟ್ಟಿಗೆಯಲ್ಲಿ ಎಷ್ಟು ಹೊತ್ತಿತ್ತು? ಹಾಲು ಕರೆದವರು ಯಾರು?"

"ಆ ವಿಲ್ಲೇ ಸರಿ ಇಲ್ಲ" ಅಂದರು ನನ್ನ ಗಂಡ. ಮಾತೇನೋ ನಿಜ. ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಮೂರನ್ನೂ ಕೂಡಿದರೆ ಹದಿನೆಂಟರಲ್ಲಿ ಹದಿನೇಳು ಪಾಲು ಮಾತ್ರ ಆಗುತ್ತದೆ. ಮಿಕ್ಕ ಪಾಲನ್ನು ಅಪ್ಪ ಯಾರ ಹೆಸರಿಗೂ ಬರೆದೇ ಇಲ್ಲ. ಲೆಕ್ಕದ ಗುಟ್ಟೆಲ್ಲಾ ಅಲ್ಲೇ ಇರೋದು. ಪರವಾಗಿಲ್ಲ, ಹಿಡಿದೇ ಬಿಟ್ಟರಲ್ಲ ಅಂತ ನಾನು ಬೆರಗಾಗುವಷ್ಟರಲ್ಲಿ ಅವರು ಮಾತು ಮುಗಿಸಿದರು: "ಸಾಕ್ಷಿಗಳ ಸಹಿ ಇತ್ತಾ?"

ಇಂಥವರ ಮುಂದೆ ನಾನು ಮಹಾವೀರಾಚಾರ್ಯರ ಮುತ್ತಿನ ಹಾರದ ಲೆಕ್ಕ ಇಡಬಾರದಿತ್ತು. ಆದರೆ ಭಾನುವಾರ ಸಂಜೆ, ಜೋರು ಮಳೆ, ಕರೆಂಟ್ ಹೋಗಿತ್ತು. ಮಧ್ಯದಲ್ಲಿ ಒಂದು ಮೇಣದಬತ್ತಿ, ಒಂದು ತಟ್ಟೆ ಹುರಿದ ಕಡಲೆಕಾಯಿ ಬೀಜ. ಎಲ್ಲರ ಮೊಬೈಲಿನ ಚಾರ್ಜೂ ಕೆಂಪಿಗೆ ಬಂದಿತ್ತು. ಸುಮ್ನೆ ಕೂತಿದ್ದರೆ ಆಸ್ತಿ ವಿಷಯ ಬರುತ್ತದೆ. ಅದಕ್ಕಿಂತ ಲೆಕ್ಕ ವಾಸಿ ಅಲ್ವಾ?

ಮಹಾವೀರಾಚಾರ್ಯರು ನಮ್ಮವರೇ. ಒಂಬತ್ತನೇ ಶತಮಾನದ ಜೈನ ಗಣಿತಜ್ಞರು. ಕವಿರಾಜಮಾರ್ಗದ ಜೊತೆ ಹೆಸರು ಕೇಳಿಬರುತ್ತದಲ್ಲ, ಆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ, ಅವನ ಕಾಲದವರು. ಅವನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಇವರು ಬರೆದ 'ಗಣಿತಸಾರಸಂಗ್ರಹ' ಸಂಸ್ಕೃತ ಶ್ಲೋಕಗಳಲ್ಲಿದೆ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದರು. ಈಗಿನ ಪಠ್ಯಪುಸ್ತಕದ ಲೆಕ್ಕದಲ್ಲಿ ಏನಿರುತ್ತದೆ? ಒಂದು ತೊಟ್ಟಿ, ಎರಡು ನಲ್ಲಿ. ಇಲ್ಲಿ ಹಾಗಲ್ಲ.

ವಸಂತ ಮಾಸದ ಒಂದು ರಾತ್ರಿ. ಹೂವು ಹಣ್ಣಿನ ಭಾರಕ್ಕೆ ಬಾಗಿದ ಮರಗಳ ತೋಟ. ಜೇನು ಕುಡಿದು ಮತ್ತೇರಿದ ಗಿಳಿ, ಕೋಗಿಲೆ, ದುಂಬಿಗಳ ಇಂಪಾದ ಸದ್ದು. ನಡುವೆ ಚಂದ್ರನಷ್ಟು ಬೆಳ್ಳಗಿನ ಮಹಡಿ ಮನೆ. ಅದರಲ್ಲಿ ಗಂಡ ಹೆಂಡತಿ. ಚೆನ್ನಾಗಿಯೇ ಇದ್ದವರ ಮಧ್ಯೆ ಪ್ರಣಯಕಲಹ ಎದ್ದು, ಹೆಂಡತಿಯ ಮುತ್ತಿನ ಹಾರ ಹರಿದುಹೋಯಿತು. ಮುತ್ತುಗಳಲ್ಲಿ ಮೂರನೇ ಒಂದು ಭಾಗ ಕೆಲಸದವಳ ಕಡೆ ಹೋದವು. ಆರನೇ ಒಂದು ಭಾಗ ಹಾಸಿಗೆ ಮೇಲೆ ಬಿದ್ದವು. ಉಳಿದದ್ದರಲ್ಲಿ ಅರ್ಧ, ಅದರಲ್ಲಿ ಉಳಿದದ್ದರಲ್ಲಿ ಅರ್ಧ, ಹೀಗೆ ಒಟ್ಟು ಆರು ಸಲ ಅರ್ಧರ್ಧ ಎಲ್ಲೆಂದರಲ್ಲಿ ಚೆಲ್ಲಾಡಿದವು. ಕೊನೆಗೆ ಚೆಲ್ಲದೆ ಉಳಿದದ್ದು 1,161 ಮುತ್ತು. ಹಾಗಾದರೆ ಹಾರದಲ್ಲಿ ಇದ್ದದ್ದು ಎಷ್ಟು?

ನಾನು ಸಾಕಷ್ಟು ಭಾವ ತುಂಬಿಯೇ ಹೇಳಿದೆ. ಒಂದು ಕ್ಷಣ ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ರಾತ್ರಿ ಹೊತ್ತು ಗಿಳಿ ಕೂಗ್ತಾವಾ?" ಅಂದರು ಅತ್ತೆ.

ಮತ್ತೇರಿದೆಯಲ್ಲ, ಹೊತ್ತು ಗೊತ್ತಾಗಿರಲಿಕ್ಕಿಲ್ಲ ಅಂದೆ. ಅದು ಒಪ್ಪಿತವಾಯಿತು. ಮುಂದಿನದು ಅಷ್ಟು ಸುಲಭಕ್ಕೆ ಹೋಗಲಿಲ್ಲ. "ಗಂಡ ಹೆಂಡತಿ ಕೋಣೆಯಲ್ಲಿ ಆ ಹೊತ್ತಿನಲ್ಲಿ ಕೆಲಸದವಳಿಗೆ ಏನು ಕೆಲಸ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಚಾರ್ಯರೂ ಕೊಟ್ಟಿಲ್ಲ.

ನನ್ನ ಗಂಡನ ತಕರಾರು ಇನ್ನೊಂದು ದಿಕ್ಕಿನದು. "ಉಳಿದ ಸಾವಿರದ ನೂರ ಅರವತ್ತೊಂದನ್ನು ಒಂದೊಂದಾಗಿ ಎಣಿಸೋಕೆ ಪುರುಸೊತ್ತಿದೆ. ಬಿದ್ದದ್ದನ್ನು ಎಣಿಸೋಕೆ ಏನು ಕಷ್ಟ? ಎರಡೂ ಸೇರಿಸಿದರೆ ಆಯ್ತು."

ಮಗಳು ಆಗಲೇ ಎಕ್ಸ್ ಅಂತ ಇಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಭಿನ್ನರಾಶಿ ಪೇರಿಸುತ್ತಿದ್ದಳು. ಮೇಣದಬತ್ತಿಯ ಬೆಳಕಿನಲ್ಲಿ ಎಕ್ಸ್ ಯಾವುದು, ಗುಣಾಕಾರದ ಚಿಹ್ನೆ ಯಾವುದು ಅಂತ ಅವಳಿಗೇ ತಿಳಿಯದೆ ಪುಟ ಹರಿದಳು. ಬ್ಯಾಂಕಿನವರು ಅಂದಾಜಿನಲ್ಲಿ ಹೊರಟರು. "12,000 ಅಂತ ಇಟ್ಕೊಳ್ಳೋಣ. ಕೆಲಸದವಳಿಗೆ 4,000, ಹಾಸಿಗೆಗೆ 2,000. ಉಳಿದದ್ದು 6,000. ಅರ್ಧ 3,000. ಅರ್ಧ 1,500. ಅರ್ಧ 750. ಅರ್ಧ 375. ಅರ್ಧ..." ಪೆನ್ನು ನಿಂತಿತು. ನೂರ ಎಂಬತ್ತೇಳೂವರೆ.

"ಅರ್ಧ ಮುತ್ತು ಬಂತಲ್ಲಪ್ಪಾ" ಅಂದಳು ಮಗಳು.

"ರೌಂಡ್ ಆಫ್ ಮಾಡಿದ್ರಾಯ್ತು."

ಲಕ್ಷ ಇಟ್ಟು ನೋಡಿ ಅಂದೆ. ನೋಡಿದರು. ಆರು ಸಲ ಅರ್ಧ ಮಾಡಿದ ಮೇಲೆ ಉಳಿದದ್ದು 781 ಚಿಲ್ಲರೆ. 1,161 ಬೇಕಾದರೆ ಲಕ್ಷಕ್ಕೂ ಜಾಸ್ತಿ ಇಡಬೇಕು. ಅಲ್ಲಿಗೆ ಅವರು ಪೆನ್ನಿನ ಕ್ಯಾಪ್ ಹಾಕಿದರು. "ಲಕ್ಷಕ್ಕಿಂತ ಜಾಸ್ತಿ ಮುತ್ತಿನ ಹಾರ ಪ್ರಪಂಚದಲ್ಲೇ ಇರೋಕಾಗಲ್ಲ. ಲೆಕ್ಕವೇ ತಪ್ಪು." ಸಾಲದ ಅರ್ಜಿ ತಿರಸ್ಕರಿಸುವಾಗಲೂ ಇದೇ ದನಿ ಇರಬೇಕು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಮುಂದಿನಿಂದ ಯಾಕೋ ಹೋಗ್ತೀಯ? ಹಿಂದಿನಿಂದ ಬಾ. ಕೊನೆಗೆ ಉಳಿದದ್ದು ಗೊತ್ತಲ್ಲ? ಅದು ಅರ್ಧ. ಅಂದರೆ ಅದಕ್ಕೆ ಮುಂಚೆ ಅದರ ಎರಡರಷ್ಟಿತ್ತು. ಹಾಗೇ ಹಿಂದಕ್ಕೆ ಹೋಗ್ತಾ ಇರು." ಇದು ಹಳೇ ದಾರಿಯೇ. ಕೂಡಿದ್ದನ್ನು ಕಳೆ, ಕಳೆದದ್ದನ್ನು ಕೂಡು, ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು ಅಂತ ಆರ್ಯಭಟ 499ರಲ್ಲೇ ಹೇಳಿಟ್ಟಿದ್ದಾನೆ. ಅತ್ತೆ ಆರ್ಯಭಟನನ್ನು ಓದಿದವರಲ್ಲ. ಆದರೆ ತಿಂಗಳ ಕೊನೆಯಲ್ಲಿ ಡಬ್ಬಿಯ ಚಿಲ್ಲರೆ ನೋಡಿ, ದುಡ್ಡು ಯಾವ ಯಾವ ದಿನ ಎಲ್ಲೆಲ್ಲಿ ಸೋರಿತು ಅಂತ ಹಿಂದಕ್ಕೆ ಹೋಗಿ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮೂರನೇ ಒಂದು, ಆರನೇ ಒಂದು ಕೂಡಿದರೆ ಅದೂ ಅರ್ಧವೇ ಅಂತ ಮಗಳು ಕಂಡುಹಿಡಿದಳು. ಆರು ಅರ್ಧ, ಇದೊಂದು ಅರ್ಧ. ಒಟ್ಟು ಏಳು ಸಲ ಎರಡರಷ್ಟು ಮಾಡಬೇಕು. ಎಣಿಕೆ ತಪ್ಪಬಾರದು ಅಂತ ಅತ್ತೆ ತಟ್ಟೆಯಿಂದ ಏಳು ಕಡಲೆಕಾಯಿ ಬೀಜ ಆರಿಸಿ ಚಾಪೆ ಮೇಲೆ ಸಾಲಾಗಿಟ್ಟರು. ಒಂದೊಂದು ಸಲ ಎರಡರಷ್ಟು ಮಾಡಿದಾಗಲೂ ಒಂದು ಬೀಜ ಎಡದಿಂದ ಬಲಕ್ಕೆ. ಎಂಥಾ ಪಕ್ಕಾ ವ್ಯವಸ್ಥೆ!

2,322. ಬೀಜ ಬಲಕ್ಕೆ. 4,644. ಬೀಜ ಬಲಕ್ಕೆ. 9,288. ಅಷ್ಟರಲ್ಲಿ ಗಾಳಿಗೆ ಮೇಣದಬತ್ತಿ ಆರಿತು. ಬೆಂಕಿಪೊಟ್ಟಣ ಹುಡುಕಿ ಹಚ್ಚಿ ಬಂದೆ. 18,576. 37,152. 74,304. ಎಡಗಡೆ ಬೀಜ ಮುಗಿಯಿತು. "ಎಪ್ಪತ್ನಾಲ್ಕು ಸಾವಿರದ ಮುನ್ನೂರ ನಾಲ್ಕು" ಅಂತ ಅತ್ತೆ ಘೋಷಿಸಿದರು.

ಲಕ್ಷದೊಳಗೇ ಬಂತಲ್ಲ ಅಂತ ನನ್ನ ಗಂಡನಿಗೆ ಸಂತೋಷ. ಆದರೂ ಬ್ಯಾಂಕಿನವರು ತಾಳೆ ನೋಡದೆ ಬಿಡುತ್ತಾರೆಯೇ? ಕೆಲಸದವಳಿಗೆ 24,768. ಹಾಸಿಗೆಗೆ 12,384. ಉಳಿದದ್ದು 37,152. ಅದರಲ್ಲಿ ಅರ್ಧರ್ಧ ಮಾಡುತ್ತಾ ಇಳಿದರು. ಐದನೇ ಸಲಕ್ಕೇ 1,161 ಬಂತು. ಆರನೇ ಸಲ ಇನ್ನೂ ಬಾಕಿ ಇತ್ತು. ಮಾಡಿದರು. ಐನೂರ ಎಂಬತ್ತೂವರೆ.

ಮತ್ತೆ ಅರ್ಧ ಮುತ್ತು.

"ನಾನು ಆಗಲೇ ಹೇಳಲಿಲ್ವಾ?" ಅಂದರು. ಮಗಳು ಇದು 1912ರ ಅಚ್ಚಿನ ತಪ್ಪಿರಬೇಕು ಅಂದಳು. ನಾನು ಆಚಾರ್ಯರ ಪರ ವಹಿಸಿದೆ. ಆರು ಸಲ ಅಂದರೆ ಮೊದಲನೆಯ ಅರ್ಧವೂ ಸೇರಿ ಆರಾ, ಅದು ಬಿಟ್ಟು ಆರಾ ಅಂತ ದೊಡ್ಡ ವಾದ ನಡೆಯಿತು. ದನಿಗಳು ಏರಿದವು. ನಮ್ಮದಂತೂ ಪ್ರಣಯಕಲಹ ಆಗಿರಲಿಲ್ಲ.

ಅತ್ತೆ ಮಾತಾಡಲಿಲ್ಲ. ಮೇಣದಬತ್ತಿಯನ್ನು ಚಾಪೆಯ ಹತ್ತಿರ ಎಳೆದುಕೊಂಡು ಬಲಗಡೆಯ ಬೀಜಗಳನ್ನು ಬೆರಳಿನಿಂದ ಒಂದೊಂದೇ ಸರಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಚಾಪೆಯ ಕೆಳಗೆ ನೋಡಿದರು. ತಮ್ಮ ಸೆರಗು ಕೊಡವಿದರು. ಆಮೇಲೆ ನಿಧಾನವಾಗಿ ಮಗನ ಮುಖ ನೋಡಿದರು. ಮಗನ ದವಡೆ ಆಡುತ್ತಿತ್ತು.

"ಕತ್ತಲಲ್ಲಿ ತಟ್ಟೆ ಯಾವುದು, ಚಾಪೆ ಯಾವುದು ಅಂತ ಹೇಗೆ ಗೊತ್ತಾಗಬೇಕು?" ಅಂದರು ನನ್ನ ಗಂಡ.

ತಿಂದ ಬೀಜದ ಬೆಲೆ 74,304 ಮುತ್ತು. ಅದನ್ನೂ ಸೇರಿಸಿದರೆ ಸರಿಯಾದ ಉತ್ತರ: 1,48,608.

ಈಗ ಬ್ಯಾಂಕಿನವರಿಗೆ ಹಠ ಬಂತು. ಇಂಥಾ ಹಾರ ಸಾಧ್ಯವಿಲ್ಲ ಅಂತ ಸಾಬೀತು ಮಾಡಲೇಬೇಕು. ಮುತ್ತು ಮೂರೇ ಮಿಲಿಮೀಟರ್ ಅಂದುಕೊಳ್ಳೋಣ, ತೀರಾ ಸಣ್ಣದು. ಒಂದೇ ಎಳೆಯಲ್ಲಿ ಪೋಣಿಸಿದರೆ ಸುಮಾರು 446 ಮೀಟರ್ ಉದ್ದ ಆಗುತ್ತದೆ. ನಮ್ಮ ಮನೆಯಿಂದ ಹೊರಟರೆ ಗಣಪತಿ ಗುಡಿ ದಾಟಿ ಹಾಲಿನ ಬೂತ್ ಮುಟ್ಟುತ್ತದೆ. ತೂಕ ಐದು ಕಿಲೋಗೂ ಮೇಲೆ. "ಇದನ್ನು ಕೊರಳಿಗೆ ಹಾಕ್ಕೊಂಡು ಮಹಡಿ ಹತ್ತೋಕಾಗುತ್ತಾ?" ಅಂತ ಕೇಳಿದರು.

"ಜಗಳ ಯಾಕಾಯ್ತು ಅಂತ ಈಗ ತಿಳೀತು. ಇದರ ದುಡ್ಡು ಇನ್ನೂ ಕೊಟ್ಟಿರಲಿಕ್ಕಿಲ್ಲ" ಅಂದರು ಅತ್ತೆ.

ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಕೆಲಸದವಳು ಚಾಪೆ ಕೊಡವುತ್ತಾ ಕತೆ ಕೇಳಿಸಿಕೊಂಡಳು. ಅವಳ ಪಾಲಿಗೆ 49,536 ಮುತ್ತು ಅಂದೆ. ಪೊರಕೆ ಗೋಡೆಗೆ ಒರಗಿಸಿ ಅವಳು ಕೇಳಿದ್ದು ಒಂದೇ: "ವಾಪಸ್ ಕೊಟ್ಟಳಂತಾ?" ಶ್ಲೋಕದಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲ. ಇಲ್ಲ ಅಂದರೆ ಕೊಟ್ಟಿಲ್ಲ ಅಂತಲೇ ಅರ್ಥ ಅಂದಳು. ಈ ಲೆಕ್ಕವನ್ನು ಇಷ್ಟು ಬೇಗ ಬಿಡಿಸಿದವರು ಬೇರೆ ಯಾರೂ ಇಲ್ಲ.

ಆಚಾರ್ಯರಿಗೆ ಹಾರದ ಮೇಲೆ ವಿಪರೀತ ಮೋಹ ಇದ್ದಿರಬೇಕು. ಗುಣಾಕಾರದ ಲೆಕ್ಕಗಳಲ್ಲೂ ಬಿಟ್ಟಿಲ್ಲ. 14,28,57,143ನ್ನು 7ರಿಂದ ಗುಣಿಸಿ ಅನ್ನುತ್ತಾರೆ. ಉತ್ತರ 1,00,00,00,001. ಎರಡು ತುದಿಗೂ ಒಂದೊಂದು ಒಂದು, ನಡುವೆ ಬರೀ ಸೊನ್ನೆ. ಯಾವ ಕಡೆಯಿಂದ ಓದಿದರೂ ಅದೇ. ಇಂಥ ಸಂಖ್ಯೆಗಳನ್ನು ಅವರು ಕಂಠಾಭರಣ ಅನ್ನುತ್ತಾರೆ. ಈ ಹಾರ ನನ್ನ ಗಂಡನಿಗೂ ಹಿಡಿಸಿತು. ಖರ್ಚಿಲ್ಲ.

ಆ ಪುಸ್ತಕದಲ್ಲಿ ಮಾವಿನ ಹಣ್ಣಿನದೊಂದು ಲೆಕ್ಕವಿದೆ. ಮಾವಿನ ಕಾಲ ಬಂದಾಗ ಬುಟ್ಟಿ ಎದುರಿಗಿಟ್ಟುಕೊಂಡೇ ಹೇಳಿದೆ. ಕಣ್ಣೆದುರು ಹಣ್ಣಿದ್ದರೆ ತಕರಾರು ಕಮ್ಮಿಯಾದೀತು ಅಂತ ಆಸೆ. ಹಣ್ಣುಗಳಲ್ಲಿ ಆರನೇ ಒಂದು ಭಾಗ ರಾಜ ತೆಗೆದುಕೊಂಡ. ಉಳಿದದ್ದರಲ್ಲಿ ಐದನೇ ಒಂದು ರಾಣಿ. ಆಮೇಲೆ ಮೂವರು ರಾಜಕುಮಾರರು, ಉಳಿದದ್ದರಲ್ಲಿ ನಾಲ್ಕನೇ ಒಂದು, ಅದರಲ್ಲಿ ಉಳಿದದ್ದರಲ್ಲಿ ಮೂರನೇ ಒಂದು, ಅದರಲ್ಲಿ ಉಳಿದದ್ದರಲ್ಲಿ ಅರ್ಧ. ಕೊನೆಗೆ ಮಿಕ್ಕ ಮೂರು ಹಣ್ಣು ಎಲ್ಲರಿಗಿಂತ ಚಿಕ್ಕ ಮಗುವಿಗೆ.

"ರಸಪುರಿಯಾ, ಬಾದಾಮಿಯಾ?" ಅಂದರು ಅತ್ತೆ.

"ಮೊದಲು ತಗೊಂಡವನಿಗೆ ಜಾಸ್ತಿ, ಕೊನೆಯವನಿಗೆ ಚೂರುಪಾರು. ನಮ್ಮ ಆಫೀಸಿನ ಇನ್‌ಕ್ರಿಮೆಂಟ್ ಥರ" ಅಂದರು ಗಂಡ. ಆ ಮಗುವಿನ ಮೇಲೆ ಅವರಿಗೆ ನಿಜವಾಗಲೂ ಕನಿಕರ ಉಕ್ಕಿತ್ತು.

ಮಗಳು ಈ ಸಲ ಎಕ್ಸ್ ಗೋಜಿಗೆ ಹೋಗಲಿಲ್ಲ. ಅಜ್ಜಿಯ ದಾರಿಯಲ್ಲೇ ಹಿಂದಿನಿಂದ ಬಂದಳು. ಮಗುವಿಗೆ 3 ಅಂದರೆ ಅದಕ್ಕೆ ಮುಂಚೆ 6. ಅದಕ್ಕೆ ಮುಂಚೆ 9. ಆಮೇಲೆ 12, 15, 18. ಒಟ್ಟು 18 ಹಣ್ಣು. ಎಲ್ಲರ ಪಾಲನ್ನೂ ಪಕ್ಕಪಕ್ಕದಲ್ಲಿ ಬರೆದಳು. ರಾಜನಿಗೆ 3. ರಾಣಿಗೆ 3. ರಾಜಕುಮಾರರಿಗೆ 3, 3, 3. ಮಗುವಿಗೆ 3.

ಬ್ಯಾಂಕಿನವರು ಆ ಹಾಳೆಯನ್ನು ಕನ್ನಡಕ ಹಾಕಿ ಒಂದು ಸಲ, ತೆಗೆದು ಒಂದು ಸಲ ನೋಡಿದರು. "ಎಲ್ಲರಿಗೂ ಮೂರು ಮೂರು ಅಂತ ಮೊದಲೇ ಹಂಚಿದ್ದರೆ ಮುಗೀತಿತ್ತಲ್ಲ? ಈ ಆರನೇ ಒಂದು, ಐದನೇ ಒಂದು ಎಲ್ಲ ಯಾಕೆ ಬೇಕಿತ್ತು?"

"ಐದು ಮಾರ್ಕ್ಸ್‌ಗೆ ಕೇಳೋಕೆ" ಅಂದು ಮಗಳು ಬುಟ್ಟಿಯಿಂದ ಮೂರು ಹಣ್ಣು ಎತ್ತಿಕೊಂಡು ಎದ್ದಳು. ಮೂರೂ ಅದರಲ್ಲಿದ್ದ ದಪ್ಪನೆಯವೇ.