ದೇವರ ಗೂಡಿನ ಕವನ ಸಂಕಲನ

ಹೋದ ಭಾನುವಾರ ತುಮಕೂರಿನ ಅಣ್ಣನ ಮನೆಗೆ ಹೋಗಿದ್ದೆ. ದೇವರ ಗೂಡಲ್ಲಿ, ವಿಭೂತಿ ಗಟ್ಟಿ ಪಕ್ಕ, ಒಂದು ಕವನ ಸಂಕಲನ. ಬರೆದವರು ನಮ್ಮ ಕಡೆಯ ಒಬ್ಬ ಸ್ವಾಮೀಜಿ. ರಕ್ಷಾಪುಟಕ್ಕೆ ಕುಂಕುಮ ಮೆತ್ತಿದೆ, ಒಳಗೆ ಎರಡು ಹಾಳೆ ಇನ್ನೂ ಅಂಟಿಕೊಂಡೇ ಇವೆ. "ಓದಿದ್ರಾ ಅತ್ತಿಗೆ?" ಅಂದೆ. "ಬುದ್ಧಿಯೋರ ಪುಸ್ತಕ ಕಣಪ್ಪ, ಎಲ್ಲೆಂದರಲ್ಲಿ ಇಟ್ಕೊಂಡು ಓದಕ್ಕಾಯ್ತದಾ?" ಅಂದರು.

ಪಾಪ, ಆ ಕವಿ!

ಬರೆಯುವ ಸ್ವಾಮಿಗಳು ನಮ್ಮ ಜಿಲ್ಲೆಗೆ ಹೊಸಬರೇನಲ್ಲ. ಎಡೆಯೂರಿನ ಗದ್ದುಗೆಗೆ ಕೈಮುಗಿದು ಬರುತ್ತೇವೆ. ಆ ಸಿದ್ಧಲಿಂಗ ಯತಿಗಳು 701 ವಚನ ಬರೆದವರು ಅನ್ನೋದು ನೆನಪಿರಲ್ಲ. ಗೂಳೂರು ಅಂದರೆ ಗಣಪ, ಅಷ್ಟೇ. ಅದೇ ಊರಿನ ಹೆಸರಿನ ಸಿದ್ಧವೀರಣ್ಣೊಡೆಯರು, ಶರಣರ ವಚನಗಳನ್ನು ಮಾತುಕತೆಯಾಗಿ ಹೆಣೆದ ಶೂನ್ಯಸಂಪಾದನೆಯನ್ನು ನಾಲ್ಕನೇ ಸಲ ಕಟ್ಟಿದರು. ಅವರಿಗಿಂತ ಮುಂಚೆ ಮೂವರು ಅದೇ ಕೆಲಸ ಮಾಡಿದ್ದರು. ಹಿರಿಯರದು, ಮುಟ್ಟಬಾರದು ಅಂತ ಯಾರೂ ಕೈಕಟ್ಟಿ ಕೂರಲಿಲ್ಲ. ಪ್ರಸಂಗ ಸೇರಿಸಿದರು, ವಚನಗಳ ಜಾಗ ಬದಲಿಸಿದರು. ಪುಸ್ತಕದ ಒಳಗೂ ಬರೀ ವಾದವೇ, ಅಲ್ಲಮ ಅಕ್ಕನನ್ನೂ ಕೆದಕದೆ ಬಿಡಲ್ಲ. ಕಿಟೆಲ್ ಕೂಡ ಪಾದ್ರಿಯೇ ತಾನೆ? 1894ರ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಮರಿಯಪ್ಪ ಭಟ್ಟರು ಕೂತು ಪರಿಷ್ಕರಿಸಿದರು. ಕಿಟೆಲ್ ಮರ್ಯಾದೆಗೇನೂ ಕುಂದು ಬರಲಿಲ್ಲ.

ಅತ್ತಿಗೆ ಅಡುಗೆಮನೆಗೆ ಹೋದಾಗ ಪುಸ್ತಕ ಇಳಿಸಿ ಓದಿದೆ. ಮಠದ ಹಾಸ್ಟೆಲ್ ಹುಡುಗರು ಊಟಕ್ಕೆ ಕೂರುವ ಮುಂಚಿನ ತಟ್ಟೆ ಸದ್ದಿನ ಮೇಲೊಂದು ಪದ್ಯ ಇದೆ. ನಿಜಕ್ಕೂ ಚೆನ್ನಾಗಿದೆ, ಆ ಸದ್ದು ಕೇಳಿದವರಷ್ಟೇ ಬರೆಯಬಹುದಾದ್ದು. ಆದರೆ ಕೊನೇ ಎರಡು ಸಾಲಲ್ಲಿ ಅನ್ನದ ಮಹಿಮೆಯ ಉಪದೇಶ ಬಂದು ಕೂತಿದೆ. ದಿನಾ ಆಶೀರ್ವಚನ ಕೊಡುವವರಿಗೆ ಅದು ಬಿಡದ ಚಾಳಿ. ಯಾರಾದರೂ "ಬುದ್ಧಿ, ಈ ಎರಡು ಸಾಲು ಹೊಡೆದುಹಾಕಿ" ಅಂದಿದ್ದರೆ ಸಾಕಿತ್ತು.

ನಾನು ಅಂತೀನಾ? ಎರಡು ವರ್ಷದ ಹಿಂದೆ ಬೇರೊಬ್ಬ ಸ್ವಾಮೀಜಿಯ ಪುಸ್ತಕದ ಮೇಲೆ ಮಾತಾಡೋಕೆ ಕರೆದಿದ್ದರು. ಮೂರು ಪದ್ಯಕ್ಕೆ ಪೆನ್ಸಿಲಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ. ವೇದಿಕೆ ಮೇಲೆ ಒಂದು ಚೀಟಿ ಬಂತು: "ಸಾರ್, ಒಳ್ಳೇದಷ್ಟೇ ಹೇಳಿ." ಮುದ್ರಣ ಹೊಗಳಿ ಕೂತೆ. ಪ್ರಸಾದದ ಹೊತ್ತಲ್ಲಿ ಸ್ವಾಮೀಜಿಯವರೇ ಕರೆದು ಕೇಳಿದರು, "ಏನೋ ಗುರುತು ಹಾಕ್ಕೊಂಡಿದ್ರಲ್ಲ, ಯಾವ ಪದ್ಯ?"

"ಇಷ್ಟವಾದವು, ಬುದ್ಧಿ."

ಒಂದು ಗಳಿಗೆ ನನ್ನ ಮುಖ ನೋಡಿದರು. ಬಾಳೆಹಣ್ಣು ಕೈಗಿಟ್ಟು ಪಕ್ಕದವರ ಕಡೆ ತಿರುಗಿದರು.