ಲಾಂಚ್‌ನ ಸದ್ದಿಗೆ ರೇಡಿಯೊದಲ್ಲಿ ಅರ್ಧ ಗಂಟೆ ಕೊಡಿ

ಶರಾವತಿ ಹಿನ್ನೀರಿನಲ್ಲಿ ಜನರನ್ನೂ ಬಸ್ಸುಗಳನ್ನೂ ದಾಟಿಸುತ್ತಿದ್ದ ಸಿಗಂದೂರು ಲಾಂಚ್‌ನ ಸದ್ದನ್ನು ಇಟ್ಟುಕೊಂಡು ಯಾರಾದರೂ ರೇಡಿಯೊಗೆ ಒಂದು ಕೃತಿ ಮಾಡಬೇಕು. ಸಂದರ್ಶನ ಬೇಡ, ವಿವರಣೆ ಬೇಡ. ಸದ್ದಿನಿಂದಲೇ ಕಟ್ಟಿದ, ರೇಡಿಯೊದಲ್ಲಿ ಕೇಳಲೆಂದೇ ಮಾಡಿದ ಕೃತಿ. ತುಂಬಾ ದಿನದಿಂದ ಇದು ತಲೆಯಲ್ಲಿ ಕೊರೆಯುತ್ತಿತ್ತು. ಇವತ್ತು ಬರೆದೇ ಬಿಡುತ್ತೇನೆ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅದು ಬೇಕೇ ಬೇಕಿತ್ತು. ರಾತ್ರಿ ಹೊತ್ತು ಕಾಯಿಲೆಯವರನ್ನು ಕರೆದುಕೊಂಡು ದಡದಲ್ಲಿ ನಿಂತವರ ಕಷ್ಟ ಹೊರಗಿನವರಿಗೆ ಗೊತ್ತಾಗುವಂಥದ್ದಲ್ಲ. ಆದರೆ ಹಿನ್ನೀರಿನ ಮೇಲೆ ಎಷ್ಟೋ ವರ್ಷ ಕೇಳಿದ ಆ ಸದ್ದನ್ನು ನೆನೆಸಿಕೊಳ್ಳಿ. ಬಸ್ಸು ಏರುವಾಗ ಕಬ್ಬಿಣದ ಹಲಗೆ ಧಡಾರ್ ಅನ್ನುವುದು. ಇಂಜಿನ್ನಿನ ದಡದಡ. ನಡುನೀರಿಗೆ ಬಂದಾಗ ಜನರ ಮಾತು ತಾನಾಗಿ ತಗ್ಗುವುದು. ಆಚೆ ದಡ ಹತ್ತಿರವಾದ ಕೂಡಲೇ ಬೈಕುಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗುವುದು. ಇದಕ್ಕೊಂದು ಏರಿಳಿತ ಇದೆ. ಸಂಗೀತ ಮಾಡುವವರು ಹುಡುಕುವುದು ಇದನ್ನೇ ಅಲ್ವಾ? ನಿಮ್ಮ ಫೋನಿನಲ್ಲಿ ಲಾಂಚ್‌ನ ಹಳೇ ವಿಡಿಯೊ ಇದ್ದರೆ ದಯವಿಟ್ಟು ಅಳಿಸಬೇಡಿ. ಹಾಡು ಸೇರಿಸಿದ ರೀಲ್ ಪ್ರಯೋಜನವಿಲ್ಲ, ಮೂಲ ಫೈಲೇ ಬೇಕು.

ಇಂಥ ಕೆಲಸ ಹೊಸದೇನಲ್ಲ. ಬರ್ಲಿನ್‌ನಲ್ಲಿ ವಾಲ್ಟರ್ ರುಟ್‌ಮನ್ 1930ರಲ್ಲೇ ಮಾಡಿದ್ದರು. ಸಿನಿಮಾ ರೀಲಿನ ಸದ್ದಿನ ಪಟ್ಟಿಯ ಮೇಲೆ ರೆಕಾರ್ಡ್ ಮಾಡಿ, ಕತ್ತರಿಸಿ ಅಂಟಿಸಿ, ಶನಿವಾರ ಕೆಲಸ ಮುಗಿಯುವಲ್ಲಿಂದ ಸೋಮವಾರ ಮತ್ತೆ ಕೆಲಸ ಶುರುವಾಗುವವರೆಗಿನ ನಗರವನ್ನು ಸುಮಾರು 11 ನಿಮಿಷದಲ್ಲಿ ಕೇಳಿಸಿದರು. ಒಂದೇ ಒಂದು ಚಿತ್ರ ಇಲ್ಲ. ಅದು ರೇಡಿಯೊದಲ್ಲಿ ಪ್ರಸಾರವಾಯಿತು. 1948ರಲ್ಲಿ ಫ್ರೆಂಚ್ ರೇಡಿಯೊದ ಎಂಜಿನಿಯರ್ ಪಿಯರ್ ಶೆಫರ್ ಪ್ಯಾರಿಸ್‌ನ ಒಂದು ರೈಲು ನಿಲ್ದಾಣಕ್ಕೆ ಹೋಗಿ ಉಗಿಬಂಡಿಗಳ ಸದ್ದು ಹಿಡಿದು ತಂದರು. ಆಗ ಅವರ ಹತ್ತಿರ ಟೇಪ್ ಇರಲಿಲ್ಲ, ಗ್ರಾಮಫೋನ್ ತಟ್ಟೆಯ ಮೇಲೆ ಕೊರೆಯಬೇಕಿತ್ತು. ತಟ್ಟೆಯ ಗೆರೆಯನ್ನು ಉಂಗುರದಂತೆ ಮುಚ್ಚಿ, ಒಂದೇ ತುಣುಕು ಸುತ್ತಿ ಸುತ್ತಿ ಬರುವಂತೆ ಮಾಡಿದರು. ಗಂಟೆ ಹೊಡೆದ ಮೊದಲ ಪೆಟ್ಟನ್ನು ಕತ್ತರಿಸಿ, ಉಳಿದ ನಾದವನ್ನಷ್ಟೇ ಕೇಳಿಸಿದರು. ಪೆಟ್ಟು ತೆಗೆದರೆ ಗಂಟೆ ಗಂಟೆಯಾಗಿ ಉಳಿಯುವುದಿಲ್ಲ. ನಿಮ್ಮೂರ ದೇವಸ್ಥಾನದ ಗಂಟೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಒಮ್ಮೆ ಪ್ರಯತ್ನಿಸಿ ನೋಡಿ. ಯಾವುದೋ ವಾದ್ಯ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ 1967ರಲ್ಲಿ ಅಲ್ಲಿನ ರೇಡಿಯೊಗೆ ಮಾಡಿದ ಕೆಲಸ. ದೇಶದ ಉತ್ತರ ತುದಿಯ ಬಗ್ಗೆ ಐದು ಜನ ಮಾತಾಡುತ್ತಾರೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಬಂದು ಸೇರುತ್ತದೆ. ಕೆಳಗೆ ರೈಲಿನ ಸದ್ದು ಶ್ರುತಿಯಂತೆ ಓಡುತ್ತಿರುತ್ತದೆ. ಪ್ರತಿ ಪದ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಇದು ಗೊತ್ತಾದಾಗ ನನಗೆ ಮೊದಲು ಹೊಳೆದದ್ದು ಶರಾವತಿ ಮುಳುಗಡೆಯ ಜನ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಮನೆ ಬಿಟ್ಟ ಮಕ್ಕಳು ಈಗ ಅಜ್ಜ, ಅಜ್ಜಿ. ಅವರ ಕಷ್ಟದ ಕತೆ ಬೇಕಾದಷ್ಟು ಬರೆದಾಗಿದೆ. ಆದರೆ ಆ ಊರಿನಲ್ಲಿ ಬೆಳಗ್ಗೆ ಎದ್ದರೆ ಏನು ಕೇಳಿಸುತ್ತಿತ್ತು ಅಂತ ಅವರನ್ನು ಕೇಳಿದವರು ಎಷ್ಟು ಜನ? ಹೊಳೆ ಎಷ್ಟು ದೂರಕ್ಕೆ ಕೇಳಿಸುತ್ತಿತ್ತು? ಸಾಮಾನು ಹೇರಿದ ಗಾಡಿ ಹೊರಟ ದಿನ ದನಗಳು ಏನು ಮಾಡಿದವು? ಈ ದನಿಗಳನ್ನು ಒಂದರ ಮೇಲೊಂದು ಹೆಣೆದು, ಕೆಳಗೆ ಲಾಂಚ್‌ನ ಇಂಜಿನ್ ಓಡಿಸಿದರೆ ಹೇಗಿರಬಹುದು ಯೋಚಿಸಿ. ಲಾಂಚ್ ಹೋಗುತ್ತಿದ್ದದ್ದೇ ಆ ಊರುಗಳನ್ನು ಮುಳುಗಿಸಿದ ನೀರಿನ ಮೇಲೆ.

ಯೂಟ್ಯೂಬ್‌ಗೆ ಹಾಕಿದರೆ ಸಾಕಲ್ವಾ, ರೇಡಿಯೊ ಯಾಕೆ ಅಂತ ಕೇಳಬಹುದು. ಸಾಲದು. ಇಂಥದ್ದನ್ನು ಕೇಳಲು ಕಿವಿ ಬಿಡುವಾಗಿರಬೇಕು, ಕೈ ಕೆಲಸದಲ್ಲಿರಬೇಕು. ಅಡಿಕೆ ಸುಲಿತದ ರಾತ್ರಿ ನಮ್ಮಲ್ಲಿ ಆಗುವುದು ಅದೇ. ಮೆಷಿನ್ ಬಂದಿದೆ ನಿಜ, ಆದರೂ ಕೈಸುಲಿತ ಇರುವ ಮನೆಗಳು ಇನ್ನೂ ಇವೆ. ಅಷ್ಟು ತಾಳ್ಮೆಯಿಂದ ಕೇಳುವ ಜನ ಯಾವ ಸಭಾಂಗಣದಲ್ಲೂ ಸಿಗುವುದಿಲ್ಲ. ಸಾಗರದ ಮನೆಯಲ್ಲೂ ತೀರ್ಥಹಳ್ಳಿಯ ಮನೆಯಲ್ಲೂ ಅದೇ ಕ್ಷಣಕ್ಕೆ ಅದೇ ಸದ್ದು. ಫೋನಿನಲ್ಲಿ ಒಬ್ಬೊಬ್ಬರೇ ಕೇಳಿದರೆ ಈ ಜೊತೆ ಇರುವುದಿಲ್ಲ.

ಇನ್ನೊಂದು ವಿಷಯ ಇದೆ, ಇದು ನನ್ನ ಬಹಳ ಇಷ್ಟದ್ದು. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಮೀಡಿಯಂ ವೇವ್‌ನಲ್ಲಿ ಅದರ ಜಾಗ 675 ಕಿಲೋಹರ್ಟ್ಸ್. ಎಫ್ಎಂ ಗುಡ್ಡದ ಮರೆಯಲ್ಲಿ ಕೈಕೊಡುತ್ತದೆ, ಮೀಡಿಯಂ ವೇವ್ ನೆಲ ಹಿಡಿದು ಕಣಿವೆಗೂ ಇಳಿಯುತ್ತದೆ. ಆದರೆ ಅದರಲ್ಲಿ ತೀರಾ ಕೀರಲು ಸದ್ದುಗಳು ಬರುವುದೇ ಇಲ್ಲ. ಜೀರುಂಡೆಯ ದನಿ ಬಹುಪಾಲು ಹೊರಗೇ ಉಳಿಯುತ್ತದೆ. ಕಪ್ಪೆ, ಚೆಂಡೆ, ಹಂಚಿನ ಮೇಲಿನ ಮಳೆ ಚೆನ್ನಾಗಿ ಬರುತ್ತವೆ. ಮಿಂಚಂತೂ ನೇರವಾಗಿ ಬರುತ್ತದೆ! ಮಿಂಚಿದ ಕ್ಷಣವೇ ಸೆಟ್ಟಿನಲ್ಲಿ ಕರ್ ಅನ್ನುತ್ತದೆ. ಗುಡುಗು ಬರುವುದು ಆಮೇಲೆ, ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡ್ ತಡವಾಗಿ. ಮೇ ತಿಂಗಳ ಗುಡುಗು ಮಳೆಗೆಂದೇ, ನಡುವೆ ಖಾಲಿ ಜಾಗ ಬಿಟ್ಟು ಒಂದು ಕೃತಿ ಮಾಡಿದರೆ ಆ ಖಾಲಿಯನ್ನು ಆಕಾಶವೇ ತುಂಬುತ್ತದೆ. ಹೊಸನಗರದಲ್ಲಿ ಕೇಳಿದ್ದು ಬೇರೆ, ಕೊಪ್ಪದಲ್ಲಿ ಕೇಳಿದ್ದು ಬೇರೆ. ಬೇರೆ ಯಾವ ಮಾಧ್ಯಮದಲ್ಲಿ ಇದು ಸಾಧ್ಯ? (ಗುಡುಗುವಾಗ ಪ್ಲಗ್ ತೆಗೆದು ಸೆಲ್ ಹಾಕಿದ ಸೆಟ್ಟಲ್ಲೇ ಕೇಳಿ.)

ಒಂದೇ ಭಯ ನನಗೆ. ಮಲೆನಾಡು ಅಂದ ಕೂಡಲೇ ಹಕ್ಕಿ, ತೊರೆ, ಮಂಜು ಅಂತ ಸುಂದರ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ವ್ಯಾಂಕೂವರ್‌ನ ಹಿಲ್ಡೆಗಾರ್ಡ್ ವೆಸ್ಟರ್‌ಕ್ಯಾಂಪ್ 1989ರ ಒಂದು ಕೃತಿಯಲ್ಲಿ ಕಡಲ ದಡದ ಪುಟ್ಟ ಚಿಪ್ಪುಜೀವಿಗಳ ಚಿಟಪಟ ಕೇಳಿಸುತ್ತಾರೆ. ಹಿಂದೆ ನಗರದ ಮೊರೆತ. ಸ್ಟುಡಿಯೊದಲ್ಲಿ ಆ ಮೊರೆತವನ್ನು ಅಳಿಸಬಹುದು ಅಂತ ಅವರೇ ಹೇಳಿ, ಕೇಳುತ್ತಿದ್ದಂತೆ ಅಳಿಸಿಯೂ ತೋರಿಸುತ್ತಾರೆ. ಆ ಪ್ರಾಮಾಣಿಕತೆ ನಮಗೂ ಬೇಕು. ಕಳೆ ಹೊಡೆಯುವ ಮೆಷಿನ್, ತೋಟಕ್ಕೆ ಔಷಧಿ ಹೊಡೆಯುವ ಪಂಪು, ರೆಸಾರ್ಟಿನ ಡಿಜೆ, ಎಲ್ಲವೂ ಈಗಿನ ಮಲೆನಾಡೇ.

ಕೇಳುಗರು ರೇಡಿಯೊ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅನ್ನುವ ಮಾತು ಬಂದೇ ಬರುತ್ತದೆ. ಉದ್ಘೋಷಕರು ಮೊದಲೇ ಎರಡು ಸಾಲು ಹೇಳಿದರೆ ಆಯಿತು. ಬಾನುಲಿ ನಾಟಕದಲ್ಲಿ ಬಾಗಿಲು ಕಿರ್ ಅಂದರೆ ಯಾರು ಬಂದರು ಅಂತ ಊಹಿಸಿದ ಜನ ನಾವು. ನಮಗೆ ಅರ್ಥವಾಗದ್ದೇನೂ ಇದರಲ್ಲಿಲ್ಲ.

ಸುಲಿತದ ಕಾಲದಲ್ಲಿ ವಾರಕ್ಕೊಂದು ರಾತ್ರಿ, ಅರ್ಧ ಗಂಟೆ. ಇಷ್ಟೇ ನನ್ನ ಬೇಡಿಕೆ. ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿತವರು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿರುವವರು, ಮದುವೆ ಮನೆಗೆ ಸೌಂಡ್ ಹಾಕುವ ಹುಡುಗರು ಕೂಡ, ಆಸಕ್ತಿ ಇದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಹತ್ತು ನಿಮಿಷದ ಒಂದು ಮಾದರಿ ಮಾಡಿಕೊಂಡು ಭದ್ರಾವತಿಗೆ ಹೋಗೋಣ.