ಮಂಗಮ್ಮನ ಕಾಗೆಗೆ ಅರ್ಥ ಹೇಳಬೇಕೇ?

ಹಳೆಯ ಸಣ್ಣಕಥೆ ಪಾಠ ಮಾಡುವಾಗ ಅದರೊಳಗಿನ ಕಾಗೆ, ಜಾಕೀಟು, ಹೊಳೆ, ಮೊಸಳೆಗಳಿಗೆಲ್ಲ 'ಇದು ಇಂಥದರ ಸಂಕೇತ' ಎಂದು ಬಿಡಿಸಿ ಹೇಳಬೇಕೇ, ಬೇಡವೇ? ಕಾಸರಗೋಡಿನಲ್ಲಿ ಕನ್ನಡ ಕಲಿಸುವ ನಾಲ್ಕು ಮಂದಿ ಸೇರಿದರೆ ಈ ಮಾತು ಬಂದೇ ಬರುತ್ತದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಳೆಗೆ ಜನ ಕಡಿಮೆ ಬಿದ್ದ ದಿನ ಒಬ್ಬರೇ ಎರಡು ಪಾತ್ರಕ್ಕೆ ಅರ್ಥ ಹೇಳುವುದು ನಮ್ಮಲ್ಲಿ ಹೊಸತಲ್ಲ. ಹಾಗೆ ಎರಡು ಪಕ್ಷವನ್ನೂ ನಾನೇ ಹಿಡಿದಿದ್ದೇನೆ. ಇಟ್ಟುಕೊಂಡ ಕಥೆ ಮಾಸ್ತಿಯವರ 'ಮೊಸರಿನ ಮಂಗಮ್ಮ'.

ಪರ

ಕಥೆ ಗೊತ್ತಿರುವಂಥದ್ದೇ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮ, ಮೊಮ್ಮಗನಿಗೆ ಸೊಸೆ ಹೊಡೆದದ್ದೇ ನೆವವಾಗಿ ಬೇರೆ ಒಲೆ ಹೂಡುತ್ತಾಳೆ. ಈಗ ಗಳಿಸಿದ್ದು ಅವಳ ಕೈಯಲ್ಲೇ ಉಳಿಯುತ್ತದೆ. ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ದಾರಿಯಲ್ಲಿ ರಂಗಪ್ಪ ಎಂಬವನು ಸಾಲ ಕೇಳುವ ನೆಪದಲ್ಲಿ ಹತ್ತಿರವಾಗಲು ನೋಡುತ್ತಾನೆ. ಮೊಮ್ಮಗನಿಗೆಂದು ಕೊಂಡ ಮಿಠಾಯಿಯ ಪೊಟ್ಟಣವನ್ನು ಕಾಗೆ ಎತ್ತಿಕೊಂಡು ಹೋಗುತ್ತದೆ. ಕಾಗೆ ಮುಟ್ಟಿದರೆ ಸಾವು ಅನ್ನುತ್ತಾರಲ್ಲ ಎಂದು ಅವಳಿಗೆ ಅಳುಕು. ಕೊನೆಗೆ ಮೊಮ್ಮಗನ ಮೂಲಕವೇ ಮನೆ ಒಂದಾಗಿ, ಮೊಸರಿನ ವ್ಯಾಪಾರ ಸೊಸೆ ನಂಜಮ್ಮನಿಗೆ ಬರುತ್ತದೆ.

ಇಷ್ಟು ಹೇಳಿ ಪುಸ್ತಕ ಮುಚ್ಚಿದರೆ ಹುಡುಗರು ಏನನ್ನುತ್ತಾರೆ? 'ಅತ್ತೆ ಸೊಸೆ ಜಗಳ, ಮತ್ತೆ ರಾಜಿ. ಸೀರಿಯಲ್ಲಿನಲ್ಲಿ ದಿನಾ ಬರುತ್ತದೆ, ಟೀಚರ್.' ಅವರದು ತಪ್ಪಲ್ಲ, ಯಾರೂ ಅವರನ್ನು ನಿಲ್ಲಿಸಿ ಕೇಳಿಲ್ಲ ಅಷ್ಟೇ. ಕಾಗೆ ಬಂದಲ್ಲಿ ನಿಲ್ಲಿಸಿ ನೋಡಿ. ಮಿಠಾಯಿ ಯಾರಿಗೆಂದು ಕೊಂಡದ್ದು? ಆ ಮಗುವಿಗೂ ಅಜ್ಜಿಗೂ ನಡುವೆ ಅದಕ್ಕೂ ಮೊದಲು ಅಡ್ಡ ನಿಂತವರು ಯಾರು? ಆಟಿ ತಿಂಗಳಲ್ಲೋ ತಿಥಿಯಂದೋ ಎಲೆಯಲ್ಲಿ ಅನ್ನ ಇಟ್ಟು ಕಾಗೆಗೆ ಕಾದು ನಿಂತ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಇರುತ್ತಾಳೆ. ಕಾಗೆ ಅಂದರೆ ಹಿರಿಯರು ಎಂಬುದು ಅವಳಿಗೆ ಮನೆಯ ಮಾತು. 'ಮನೆ ಒಡೆದದ್ದು ಹಿರಿಯರಿಗೆ ಹಿಡಿಸಲಿಲ್ಲ' ಎಂದು ಅವಳು ಹೇಳಿದರೆ ಬೆಂಗಳೂರಿನ ಕಥೆ ಬದಿಯಡ್ಕದ ಅಂಗಳಕ್ಕೆ ಬಂದ ಹಾಗೆಯೇ.

ಮಾಸ್ತಿ ಹಾಗೆ ಯೋಚಿಸಿದ್ದರೇ ಎಂಬ ತಕರಾರು ಯಾವಾಗಲೂ ಇದ್ದದ್ದೇ. 1963ರಲ್ಲಿ ಅಮೆರಿಕದ 16 ವರ್ಷದ ಹುಡುಗ ಬ್ರೂಸ್ ಮೆಕಾಲಿಸ್ಟರ್ ಇದೇ ಪ್ರಶ್ನೆಯನ್ನು 150 ಲೇಖಕರಿಗೆ ಅಂಚೆಯಲ್ಲಿ ಕಳಿಸಿದ. ಅರ್ಧದಷ್ಟು ಮಂದಿ ಉತ್ತರ ಕೊಟ್ಟರು. ತಾನು ಬೇಕೆಂದು ಸಂಕೇತ ಇಡುವುದಿಲ್ಲ ಎಂದು ರೇ ಬ್ರಾಡ್‌ಬರಿ ಬರೆದ. ಬೇಕೆಂದು ಇಡಲಿಲ್ಲ ಅಂದಮಾತ್ರಕ್ಕೆ ಅದು ಅಲ್ಲಿಲ್ಲ ಎಂದಾಯಿತೇ? ಬೇಕೆಂದೇ ಇಟ್ಟವರೂ ಇದ್ದಾರೆ. ಚೀನಾದ ಲು ಷುನ್ 1919ರಲ್ಲಿ ಬರೆದ 'ಔಷಧ' ಕಥೆಯಲ್ಲಿ, ತಲೆ ಕಡಿಸಿಕೊಂಡ ಕ್ರಾಂತಿಕಾರಿ ಮಗನ ಸಮಾಧಿಯ ಮೇಲೆ ಎಲ್ಲಿಂದಲೋ ಒಂದು ಹೂಮಾಲೆ ಬಂದಿರುತ್ತದೆ. ಅದನ್ನು ತಾನೇ ತಂದು ಸೇರಿಸಿದೆ ಎಂದು ಸಂಕಲನದ ಮುನ್ನುಡಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆ ಮಾಲೆಯ ಮುಂದೆ ಮಕ್ಕಳನ್ನು ನಿಲ್ಲಿಸದೆ ಪಾಠ ಮುಗಿಸಿದರೆ ಅದೇನು ಪಾಠ?

ಅಷ್ಟಕ್ಕೂ ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ನಾಲ್ಕು ಸಾಲಿನ ಪದಕ್ಕೆ ಅರ್ಧ ಗಂಟೆ ಅರ್ಥ ಹೇಳುವವರನ್ನು ಕೇಳಿ ಬೆಳೆದ ಊರು. ತಾಳಮದ್ದಳೆಯ ಅರ್ಥಧಾರಿ ಸೇಣಿ ಗೋಪಾಲಕೃಷ್ಣ ಭಟ್ಟರ ಮಾತುಗಾರಿಕೆ ಕೇಳಿ ತಲೆದೂಗಿದ ಯಾರೂ 'ಇದು ಮೂಲ ಪದದಲ್ಲಿ ಇಲ್ಲವಲ್ಲ' ಎಂದು ಎದ್ದು ಹೋದದ್ದು ನಾನು ಕಾಣೆ. ಇನ್ನು ಕೆಲವು ಅರ್ಥಗಳು ಹೇಳದಿದ್ದರೆ ಸತ್ತೇ ಹೋಗುತ್ತವೆ. ನಮ್ಮ ಕಡೆಯ ಕಥೆಯಲ್ಲಿ ಯಾರಾದರೂ ಚಂದ್ರಗಿರಿ ಹೊಳೆ ದಾಟಿದರೆ ಹಳಬರಿಗೆ ಎದೆಯಲ್ಲೇನೋ ಆಡುತ್ತದೆ. 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕೆಂದ ಪ್ರದೇಶದ ಗಡಿ ಆ ಹೊಳೆಯೇ ಅಲ್ಲವೇ. ಬಸ್ಸಿನಲ್ಲಿ ಕೂತು ಸೇತುವೆ ದಾಟುವ ಹುಡುಗನಿಗೆ ಅದು ಕಿಟಕಿಯಾಚೆಯ ನೀರು ಮಾತ್ರ. ಮೇಷ್ಟ್ರು ಹೇಳದೆ ಅವನಿಗೆ ಇನ್ಯಾರು ಹೇಳಬೇಕು?

ವಿರೋಧ

ನನ್ನ ಒಲವು ಇತ್ತ ಕಡೆಗೆ ಹೆಚ್ಚು ಎಂದು ಮೊದಲೇ ಹೇಳಿಬಿಡುತ್ತೇನೆ. ಪರವಾದಿಯ ತರಗತಿ ಚೆಂದವೇ, ಆದರೆ ಅಂಥದ್ದು ಎಲ್ಲಿ ನಡೆಯುತ್ತದೆ? ನಡೆಯುವುದು ಹೀಗೆ: ಕಾಗೆ ಸಾವಿನ ಸಂಕೇತ, ಜಾಕೀಟು ಸ್ವಾತಂತ್ರ್ಯದ ಸಂಕೇತ, ರಂಗಪ್ಪ ಪ್ರಲೋಭನೆಯ ಸಂಕೇತ. ತಲಾ ಒಂದು ಅಂಕ. ಗೈಡಿನಲ್ಲಿ ಇದ್ದದ್ದು ನೋಟ್ಸಿಗೆ, ನೋಟ್ಸಿನಿಂದ ಉತ್ತರಪತ್ರಿಕೆಗೆ. ಇಡೀ ಕಟ್ಟು ತಿದ್ದಿದರೂ ಕಾಗೆ ಒಂದೇ ಬಣ್ಣ.

ಜಾಕೀಟನ್ನೇ ತೆಗೆದುಕೊಳ್ಳಿ. ಸ್ವಾತಂತ್ರ್ಯ ಅಂದುಬಿಟ್ಟರೆ ಮುಂದೆ ಕೇಳುವುದಕ್ಕೇನೂ ಉಳಿಯುವುದಿಲ್ಲ. ಮೊಸರು ಮಾರುವವಳಿಗೆ ಮಖಮಲ್ಲು ಕೈಗೆಟಕಲು ಎಷ್ಟು ಗಡಿಗೆ ಹೊರಬೇಕು? ಇಷ್ಟು ವರ್ಷ ಆ ದುಡ್ಡು ಯಾರ ಖರ್ಚಿಗೆ ಹೋಗುತ್ತಿತ್ತು? ಮೊಮ್ಮಗನ ಅಜ್ಜಿ ಅದನ್ನು ತೊಟ್ಟು ನಡೆದರೆ ದಾರಿಯಲ್ಲಿ ಯಾರ ಕಣ್ಣು ಬೀಳುತ್ತದೆ, ಮನೆಯಲ್ಲಿ ಯಾರ ಹೊಟ್ಟೆ ಉರಿಯುತ್ತದೆ? ಕಥೆ ನಡೆಯುವುದೇ ಈ ಲೆಕ್ಕಾಚಾರದ ಮೇಲೆ. ರಂಗಪ್ಪನಿಗೆ ಬೇಕಾದದ್ದೂ ದುಡ್ಡು, ಅತ್ತೆಯ ಗಳಿಕೆ ಎಲ್ಲಿ ಕೈತಪ್ಪುತ್ತದೋ ಎಂಬುದೇ ನಂಜಮ್ಮನ ದಿಗಿಲು. ಸಂಕೇತದ ಪಟ್ಟಿ ಕೊಟ್ಟ ತರಗತಿಯಲ್ಲಿ ಈ ದುಡ್ಡಿನ ವಿಚಾರ ಎತ್ತಿದ ಒಂದು ಉತ್ತರವೂ ನನಗೆ ಸಿಕ್ಕಿಲ್ಲ.

ಆ ಹುಡುಗಿಯ ಕಾಗೆಗೆ ಬರೋಣ. ಹಿರಿಯರಿಗೆ ಸಿಟ್ಟಿದ್ದರೆ ಕಾಗೆ ಮುಟ್ಟುವುದೇ ಇಲ್ಲ. ಅನ್ನ ಒಣಗಿ ಹೋಗುವವರೆಗೆ ಎಲೆಯ ಮುಂದೆ ನಿಂತವರಿಗೆಲ್ಲ ಇದು ಗೊತ್ತು. ಆ ಲೆಕ್ಕದಲ್ಲಿ ಮಿಠಾಯಿ ಒಯ್ದದ್ದು ತೃಪ್ತಿಯ ಗುರುತಾಗಬೇಕು. ಮಂಗಮ್ಮನಿಗೋ ಅದು ಸಾವಿನ ಭಯ. ಈ ವಾಡಿಕೆಯೇ ಇಲ್ಲದ ಮನೆಯ ಬ್ಯಾರಿ ಹುಡುಗನಿಗೆ ಅದು ಮಿಠಾಯಿ ಕದ್ದ ಕಾಗೆ, ಪಾಪ ಮಗುವಿಗೆ ತಿನ್ನಲಿಕ್ಕೆ ಸಿಗಲಿಲ್ಲ. ಮೂರರಲ್ಲಿ ಕಥೆಗೆ ಅತಿ ಹತ್ತಿರದ ಮಾತು ಅವನದೇ ಎಂದು ನನಗೆ ಕಾಣುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಮಲಯಾಳವೋ ಕೊಂಕಣಿಯೋ ಆಡಿ ಬಂದು, ಗಡಿಯ ಶಾಲೆಯಲ್ಲಿ ಮಾತ್ರ ಈ ಬಗೆಯ ಕನ್ನಡ ಕಾಣುವ ಮಕ್ಕಳಿವರು. ವಾಕ್ಯ ಹೇಳಿದ್ದನ್ನು ಅವರು ಕಷ್ಟಪಟ್ಟು ಹಿಡಿಯುವಷ್ಟರಲ್ಲಿ 'ಅದಲ್ಲ, ಇದರ ಹಿಂದೆ ಬೇರೆ ಇದೆ' ಅಂದರೆ ಎರಡೂ ಕೈಬಿಡುತ್ತವೆ.

ಮಾಸ್ತಿಯೇ ಕೊನೆಯಲ್ಲಿ ಒಂದು ಅರ್ಥ ಹೇಳಿಸಿದ್ದಾರೆ: ನೀರಲ್ಲಿ ನಿಂತ ಮಗುವಿನ ಕಾಲನ್ನು ಎಳೆಯುವ ಮೊಸಳೆ ಸೊಸೆ, ಮೇಲಿನಿಂದ ತೋಳು ಹಿಡಿದವಳು ತಾಯಿ, ನಡುವೆ ಸಿಕ್ಕಿದವನು ಮಂಗಮ್ಮನ ಮಗ. ಸಂಕೇತ ಬಿಡಿಸುವವರಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಆ ಹೋಲಿಕೆಯನ್ನು ಹಿಡಿದು ಕಥೆಯನ್ನು ಮತ್ತೆ ಓದಿದರೆ ನಂಜಮ್ಮ ಅದರಲ್ಲಿ ಹಿಡಿಸುವುದೇ ಇಲ್ಲ. ಮಗನನ್ನು ಅಜ್ಜಿಯ ಬಳಿಗೆ ಬಿಟ್ಟು ಮನೆಯನ್ನು ಒಂದು ಮಾಡುವ ಚಾಣಾಕ್ಷತನ ಅವಳದು, ಆಮೇಲೆ ಗಡಿಗೆ ಹೊರುವವಳೂ ಅವಳೇ. ಹೋಲಿಕೆ ಹೇಳುವುದು ಕಥೆಯೊಳಗಿನ ಒಬ್ಬ ಗೃಹಿಣಿ, ಮಂಗಮ್ಮನ ಬಾಯಿಂದ ಸುದ್ದಿ ಕೇಳಿದವಳು. ಕಥೆಗಾರನೇ ಒಳಗಿಟ್ಟ ವ್ಯಾಖ್ಯಾನಕ್ಕೆ ಈ ಗತಿಯಾದರೆ, ನಮ್ಮ ನಿಮ್ಮ ನೋಟ್ಸಿನ ಪಾಡು ಏನು?

ಸಂಸ್ಕೃತ ಮೀಮಾಂಸಕ ಆನಂದವರ್ಧನನ ಹೆಸರು ಹೇಳಿ ಧ್ವನಿಯ, ಅಂದರೆ ಮಾತಿನಾಚೆ ಸೂಚಿತವಾಗುವ ಅರ್ಥದ, ಮಾತು ಎತ್ತುವವರಿದ್ದಾರೆ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುತ್ತಾನೆ, ಹಾಗೆಯೇ ಧ್ವನಿ ಬೇಕಾದವನು ವಾಚ್ಯಾರ್ಥವನ್ನು, ಅಂದರೆ ಮಾತಿನ ನೇರ ಅರ್ಥವನ್ನು, ಎಂದು ಅವನದೇ ಧ್ವನ್ಯಾಲೋಕದ ಮೊದಲ ಉದ್ಯೋತದಲ್ಲಿದೆ. ಅದನ್ನು ಯಾರೂ ನೋಟ್ಸಿಗೆ ಬರೆಸುವುದಿಲ್ಲ. 1952ರಲ್ಲಿ ಹೆಮಿಂಗ್ವೇ 'ದಿ ಓಲ್ಡ್ ಮ್ಯಾನ್ ಆ್ಯಂಡ್ ದ ಸೀ' ಕಾದಂಬರಿಯ ಬಗ್ಗೆ, ತನ್ನ ಮುದುಕ ಮುದುಕನೇ, ಕಡಲು ಕಡಲೇ ಎಂದು ಪತ್ರ ಬರೆದದ್ದು ಸ್ವಲ್ಪ ಸಿಡುಕಿನ ಮಾತಿರಬಹುದು, ಆದರೂ ಮುದುಕನ ಅಂಗೈಗೆ ಹುರಿ ಕೊಯ್ದದ್ದನ್ನು ಕಾಣದವನಿಗೆ ಮುಂದಿನದೇನೂ ಕಾಣದು.

ತಾಳಮದ್ದಳೆಯ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಪರವಾದಿ ಅರ್ಧ ಮಾತ್ರ ಹೇಳಿದ. ವಾಲಿ ಎಷ್ಟೇ ಅರ್ಥ ಹೇಳಲಿ, ಎದುರಿಗೆ ರಾಮ ಕೂತಿರುತ್ತಾನೆ; ಎತ್ತಿದ ಪ್ರಶ್ನೆಗೆ ಉತ್ತರ ಕೊಡುತ್ತಾನೆ, ಹಿಡಿತ ತಪ್ಪಿದರೆ ಮತ್ತೆ ಪದಕ್ಕೆ ಎಳೆದು ತರುತ್ತಾನೆ. ಸಭೆಯೂ ಕೇಳುತ್ತಿರುತ್ತದೆ. ತರಗತಿಯಲ್ಲಿ ಗೈಡಿನ ಎದುರು ಕೂತವರು ಯಾರು? ಮಕ್ಕಳಿಗೆ ಆ ಜಾಗ ಕೊಡುವುದಾದರೆ ನನ್ನ ತಕರಾರಿಲ್ಲ. ಪ್ರಶ್ನೆಪತ್ರಿಕೆಯಿಂದ 'ಯಾವುದರ ಸಂಕೇತ' ಎಂಬುದನ್ನು ತೆಗೆದು, 'ಕಾಗೆಯ ಪ್ರಸಂಗವೇ ಇಲ್ಲದಿದ್ದರೆ ಈ ಕಥೆಯಲ್ಲಿ ಏನು ಕಡಿಮೆಯಾಗುತ್ತಿತ್ತು?' ಎಂದು ಕೇಳಿ, ಬರೆಯಲಿಕ್ಕೆ ಒಂದು ಪುಟ ಬಿಡಿ. ಮೌಲ್ಯಮಾಪನಕ್ಕೆ ಕೂತವರಿಗೆ ಕಷ್ಟವಾಗುತ್ತದೆ, ಪ್ರತಿ ಉತ್ತರವನ್ನೂ ಓದಬೇಕಾಗುತ್ತದೆ.